ಅಡಿಗೆ ಮಾಡಿದವರ ಹೆಸರು

ಮಧ್ಯಾಹ್ನ ಹನ್ನೆರಡು ಗಂಟೆ ನಲವತ್ತು ನಿಮಿಷ. 2016ರ ಏಪ್ರಿಲ್ 23, ಶನಿವಾರ. ಬೀದರ ನಗರದ 'ಬೆಲ್ಲಾ ಬೀದರ' ಎಂಬ ಇಟಾಲಿಯನ್ ರೆಸ್ಟೋರೆಂಟಿನ ಗಾಜಿನ ಬಾಗಿಲನ್ನು ತಳ್ಳಿಕೊಂಡು ದೊರ್ಕಾ ತನ್ನ ತಂದೆಯ ಹಿಂದೆ ಒಳಗೆ ಬಂದಳು. ಒಂದೂಕಾಲಿಗೆ ಅವಳನ್ನು ನೋಡಲು ಹೈದರಾಬಾದಿನ ವರ ಬರುವವನಿದ್ದ. ಅವಳು ಪ್ರೀತಿಸಿದವನು ಅಲ್ಲಿಂದ ಇಪ್ಪತ್ತು ಅಡಿ ದೂರದಲ್ಲಿ, ಅದೇ ರೆಸ್ಟೋರೆಂಟಿನ ಅಡಿಗೆಮನೆಯಲ್ಲಿ, ಟೊಮ್ಯಾಟೊ ಹೆಚ್ಚುತ್ತಿದ್ದ.

ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು. ಒಳಗೆ ಎಸಿ.

ಹೆಣ್ಣು ನೋಡುವ ಕಾರ್ಯಕ್ರಮ ಔರಾದದ ಅವಳ ಮನೆಯಲ್ಲಿ ನಡೆಯಬೇಕಿತ್ತು. ಆದರೆ ಆ ಓಣಿಗೆ ನಾಲ್ಕು ದಿನಕ್ಕೊಮ್ಮೆ ಟ್ಯಾಂಕರ್ ಬರುತ್ತಿತ್ತು. ಬಂದವರಿಗೆ ಅಡಿಗೆ ಮಾಡಿ, ಬಡಿಸಿ, ಪಾತ್ರೆ ತೊಳೆಯುವಷ್ಟು ನೀರನ್ನು ಒಂದೇ ದಿನ ಖರ್ಚು ಮಾಡಿದರೆ ಉಳಿದ ಮೂರು ದಿನ ಕುಡಿಯಲೂ ನೀರಿಲ್ಲ. "ಬೀದರದಾಗ ಹೊಸ ಇಟಾಲಿಯನ್ ಹೋಟೆಲ್ ಆಗೇದಂತ, ಅಲ್ಲೇ ಕೂಡೋಣ" ಎಂದು ವರನ ಕಡೆಯವರೇ ಸೂಚಿಸಿದ್ದರು. ತಾಯಿ ಹೆಲೆನ ಬರಲಿಲ್ಲ. ಶನಿವಾರವೇ ಟ್ಯಾಂಕರಿನ ದಿನ. ಯಾರಾದರೂ ಕೊಡ ಹಿಡಿದು ಸರದಿಯಲ್ಲಿ ನಿಲ್ಲಲೇಬೇಕಿತ್ತು.

ದೊರ್ಕಾಳಿಗೆ ಇಪ್ಪತ್ತಾರು. ಮೂರು ವರ್ಷದಿಂದ ಬೀದರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಸ್ಟಾಫ್ ನರ್ಸ್, ವಾಸ ಅಲ್ಲಿನ ಹಾಸ್ಟೆಲಿನಲ್ಲಿ. ತಂದೆ ಪ್ರಭುದಾಸ ಮೂವತ್ತನಾಲ್ಕು ವರ್ಷ ಸಾಲಿ ಮಾಸ್ತರಿಕೆ ಮಾಡಿ ನಿವೃತ್ತರಾದವರು. ಮಕ್ಕಳ ಮೇಲೆ ಕೈ ಮಾಡಿದವರಲ್ಲ, ದನಿ ಏರಿಸಿದವರೂ ಅಲ್ಲ. ಏಳನೆಯ ತರಗತಿಯಲ್ಲಿ ಅವಳು ಗಣಿತದ ಮಾರ್ಕ್ಸ್ ಬಗ್ಗೆ ಒಂದು ಸುಳ್ಳು ಹೇಳಿದಾಗ ಅವರು ಹತ್ತೊಂಬತ್ತು ದಿನ ಅವಳ ಜೊತೆ ಮಾತಾಡಿರಲಿಲ್ಲ. ಆ ಹತ್ತೊಂಬತ್ತು ದಿನವನ್ನು ಅವಳು ಇನ್ನೂ ಮರೆತಿಲ್ಲ.

"ಇಷ್ಟ್ ಕತ್ತಲಿ ಯಾಕ ಮಾಡ್ಯಾರ?" ಪ್ರಭುದಾಸರು ತಲೆಯ ಮೇಲೆ ತೂಗುತ್ತಿದ್ದ ಹಳದಿ ದೀಪಗಳನ್ನೂ ಗಾರೆ ಬಳಿಯದ ಗೋಡೆಯನ್ನೂ ನೋಡಿದರು. "ಗ್ವಾಡಿಗಿ ಗಿಲಾವೂ ಮಾಡಿಲ್ಲ, ಬರೇ ಇಟ್ಟಂಗಿ."

"ಈಗ ಹಿಂಗೇ ಫ್ಯಾಷನ್, ಪಪ್ಪಾ."

ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಿಂದ ಬರೆದ ಮೆನುವಿನಲ್ಲಿ ಅರ್ಧಕ್ಕೆ ಅಡ್ಡಗೆರೆ ಎಳೆದಿದ್ದರು. ಪಾಸ್ತಾ ಎಲ್ಲವೂ ಬಂದ್. ಪಾಸ್ತಾ ಬೇಯಿಸಲು ಹಂಡೆಗಟ್ಟಲೆ ನೀರು ಬೇಕು. ಉಳಿದದ್ದು ಪಿಜ್ಜಾ, ಬೆಳ್ಳುಳ್ಳಿ ಬ್ರೆಡ್. ನಾಳೆ ಭಾನುವಾರದಿಂದ ನೀರಿಲ್ಲದೆ ರೆಸ್ಟೋರೆಂಟೇ ಬಂದ್ ಎಂದು ಕೆಳಗೆ ಬರೆದಿತ್ತು. ಬಡಿಸುವವರು ಆಗಲೇ ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಹೋಗಿದ್ದರು. ಮಾಲೀಕ ರಶೀದ ಅಹ್ಮದ ಸ್ವತಃ ಹೆಗಲ ಮೇಲೆ ವಸ್ತ್ರ ಹಾಕಿಕೊಂಡು ನಿಂತಿದ್ದ.

ಅವನ ಬೆನ್ನ ಹಿಂದೆ, ಅಡಿಗೆಮನೆಯ ಕಿಟಕಿಯಲ್ಲಿ, ಮಚ್ಛೇಂದ್ರ ಕಾಣಿಸಿದ. ಏಪ್ರನ್ನಿನ ಒಳಗೆ ಇಸ್ತ್ರಿ ಮಾಡಿದ ಹೊಸ ಬಿಳಿ ಅಂಗಿ. ಎಣ್ಣೆ ಹಚ್ಚಿ ಬಾಚಿದ ಕೂದಲು. ಅವಳನ್ನು ನೋಡಿ ಎಡ ಹುಬ್ಬನ್ನು ಒಂದಿಷ್ಟೇ ಏರಿಸಿದ. ಆಮೇಲೆ ಅವಳ ತಂದೆಯನ್ನು ನೋಡಿ, ಹೆಡ್ ಮಾಸ್ತರರ ಮುಂದೆ ನಿಂತ ಹುಡುಗನ ಹಾಗೆ ಕಾಲರ್ ಸರಿ ಮಾಡಿಕೊಂಡ.

ಅವನಿಗೆ ವರ ಬರುವ ವಿಷಯ ಗೊತ್ತೇ ಇರಲಿಲ್ಲ.

ತಪ್ಪು ಅವಳದೇ. ಗುರುವಾರ ಫೋನಿನಲ್ಲಿ "ಶನಿವಾರ ಪಪ್ಪ ಬರ್ಲಕತ್ತಾರ್ರಿ, ನಿಮ್ಮ ಹೋಟೆಲಿಗೇ" ಎಂದಿದ್ದಳು. ಮುಂದಿನ ಮಾತು ಹೇಳುವ ಮೊದಲೇ ಅವನು "ಖರೆ ಏನ್ರಿ? ನನ್ನ ನೋಡ್ಲಿಕ್ಕಾ? ತಡೀರಿ, ಅವ್ವಗ ಫೋನ್ ಹಚ್ತೇನಿ!" ಎಂದು ಕೂಗಿದ್ದ. ಅಷ್ಟು ಖುಷಿಯಾದ ದನಿಯನ್ನು ಅವಳು ಅದಕ್ಕೂ ಮೊದಲು ಕೇಳಿರಲಿಲ್ಲ. ವಾರ್ಡಿನಲ್ಲಿ ಕರೆಗಂಟೆ ಸದ್ದಾಗಿ ಅವಳು ಫೋನ್ ಇಟ್ಟಳು. ಆಮೇಲೆ ಎರಡು ದಿನದಲ್ಲಿ ಹನ್ನೊಂದು ಸಲ ಮೆಸೇಜ್ ಟೈಪ್ ಮಾಡಿ ಹನ್ನೊಂದು ಸಲ ಅಳಿಸಿದ್ದಳು.

ಮೂಲೆಯ ಟೇಬಲ್ಲಿನಲ್ಲಿ ಒಬ್ಬ ಹೆಂಗಸು ಒಂಟಿಯಾಗಿ ಕುಳಿತಿದ್ದರು. ಹಸಿರು ಇಳಕಲ್ ಸೀರೆ, ಹಣೆಯ ಮೇಲೆ ದೊಡ್ಡ ಕುಂಕುಮವಿಲ್ಲ, ಕೊರಳಲ್ಲಿ ಕರಿಮಣಿ. ಮಡಿಲಲ್ಲಿ ಬಟ್ಟೆಯ ಚೀಲ. ಕಾಲ ಹತ್ತಿರ ಐದು ಲೀಟರಿನ ಖಾಲಿ ಪ್ಲಾಸ್ಟಿಕ್ ಕ್ಯಾನು. ಅವರು ದೊರ್ಕಾಳನ್ನು ಮೇಲಿಂದ ಕೆಳಗೆ ನೋಡಿ ಸಣ್ಣಗೆ ನಕ್ಕರು. ಭಾತಂಬ್ರಾದಿಂದ ಬೆಳಗಿನ ಮೊದಲ ಬಸ್ಸಿಗೆ ಬಂದ ಮಚ್ಛೇಂದ್ರನ ತಾಯಿ ಶಾಲುಬಾಯಿ. ಮಗ ಮೊಬೈಲಿನಲ್ಲಿ ತೋರಿಸಿದ ಫೋಟೊದಿಂದ ಗುರುತು ಹಿಡಿದಿದ್ದರು.

ಅವನ ಅವ್ವನೂ ಬಂದಿದ್ದಾರೆ ಎಂದು ದೊರ್ಕಾಳಿಗೆ ತಿಳಿಯಿತು.

*

ಆರು ತಿಂಗಳ ಹಿಂದೆ, ಅಕ್ಟೋಬರಿನಲ್ಲಿ, ಅವಳು ಇಲ್ಲಿಗೆ ಮೊದಲು ಬಂದದ್ದು ಹಾಸ್ಟೆಲಿನ ಗೆಳತಿಯ ಬರ್ತ್‌ಡೇಗೆ. ಪ್ಲೇಟು ಬಂದ ಕೂಡಲೇ ಎಲ್ಲರೂ ಫೋಟೊ ಹೊಡೆಯುತ್ತಿದ್ದರು. ಅವಳು ಮಾತ್ರ ರಶೀದನನ್ನು ಕರೆದು, "ಭಾಯ್, ಅಡಿಗಿ ಮಾಡಿದವರ ಹೆಸರೇನ್ರಿ?" ಎಂದು ಕೇಳಿದ್ದಳು.

ಅಡಿಗೆಯವನೇ ಓಡಿ ಬಂದ. ಮುಖದ ಮೇಲೆ ಹಿಟ್ಟು, ಕಣ್ಣಲ್ಲಿ ಹೆದರಿಕೆ.

"ಏನರ ಮಿಸ್ಟೇಕ್ ಆಗೇದೇನ್ರಿ ಮೇಡಂ?"

"ಇಲ್ಲರಿ. ಹೆಸರು ಬೇಕಾಗಿತ್ತು."

"ಕಂಪ್ಲೇಂಟ್ ಬರೀಲಿಕ್ಕಾ?"

"ಪ್ರಾರ್ಥನಿಗೆ."

ಅವನು ಅವಳನ್ನೇ ನೋಡಿದ. ಪುಣೆಯ ಇಟಾಲಿಯನ್ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುವುದರಿಂದ ಶುರುಮಾಡಿ ಮೂರು ವರ್ಷಕ್ಕೆ ಒಲೆಯ ಮುಂದೆ ನಿಂತವನು. 2012ರ ಬರಗಾಲಕ್ಕೆ ಊರು ಬಿಟ್ಟು, ರಶೀದ ಕರೆದನೆಂದು ತಿರುಗಿ ಬಂದವನು. ಇಷ್ಟು ವರ್ಷದಲ್ಲಿ ಊಟಕ್ಕೆ ಕುಳಿತವರು ಯಾರೂ ಅವನ ಹೆಸರು ಕೇಳಿರಲಿಲ್ಲ.

"ಮಚ್ಛೇಂದ್ರ" ಎಂದ. "ಬೇಕಂದ್ರ ಊರ ಹೆಸರೂ ಸೇರಸ್ರಿ. ಭಾತಂಬ್ರಾ. ದೇವ್ರಿಗಿ ಹುಡುಕ್ಲಿಕ್ಕ ಸಸಾರ ಆಗ್ತದ."

ಅವಳು ಕಣ್ಣು ಮುಚ್ಚಿದಳು. ತೆರೆದಾಗ ಅವನು ಅಲ್ಲೇ ನಿಂತಿದ್ದ.

ಇದು ದೊರ್ಕಾಳ ಮನೆಯ ಪದ್ಧತಿ. ಪ್ರಭುದಾಸರ ತಾಯಿ, ಅವಳ ಹೆಸರೂ ದೊರ್ಕಾ, ಮಿಷನ್ ಬೋರ್ಡಿಂಗಿನಲ್ಲಿ ಇಪ್ಪತ್ತೆರಡು ವರ್ಷ ಅಡಿಗೆ ಮಾಡಿದ್ದಳು. ಇನ್ನೂರು ಮಕ್ಕಳು ದಿನಕ್ಕೆ ಎರಡು ಹೊತ್ತು ಆ ಅನ್ನದ ಮುಂದೆ ಪ್ರಾರ್ಥಿಸಿದರು. ಅಡಿಗೆಯವಳ ಹೆಸರು ಒಂದು ಸಲವೂ ಆ ಪ್ರಾರ್ಥನೆಯಲ್ಲಿ ಬರಲಿಲ್ಲ. ಆ ಮಕ್ಕಳಲ್ಲಿ ಪ್ರಭುದಾಸರೂ ಒಬ್ಬರಾಗಿದ್ದರು. ತಮ್ಮದೇ ಮನೆ ಮಾಡಿದ ದಿನದಿಂದ ಅವರು ಅಡಿಗೆ ಮಾಡಿದವರ ಹೆಸರು ಹೇಳದೆ ಒಂದು ತುತ್ತೂ ಬಾಯಿಗಿಟ್ಟಿಲ್ಲ. ಮದುವೆ ಮನೆಯಲ್ಲೂ ಕೇಳುತ್ತಾರೆ, ಬಸ್ ಸ್ಟ್ಯಾಂಡಿನ ಖಾನಾವಳಿಯಲ್ಲೂ ಕೇಳುತ್ತಾರೆ.

ಇಂದೂ ಕೇಳುತ್ತಾರೆ. ಕೇಳಿದರೆ ಅವನು ಹೊರಗೆ ಬರುತ್ತಾನೆ. ಅವನ ಹಿಂದೆ ಶಾಲುಬಾಯಿ ಚೀಲ ಹಿಡಿದು ಏಳುತ್ತಾರೆ. ಆ ಚೀಲದಲ್ಲಿ ತೆಂಗಿನಕಾಯಿ ಇದೆ ಎಂಬುದು ಅದರ ಉಬ್ಬಿನಿಂದಲೇ ತಿಳಿಯುತ್ತಿತ್ತು.

*

"ಕೈ ತೊಳಕೊಂಡ್ ಬರ್ತೇನಿ" ಎಂದು ದೊರ್ಕಾ ಎದ್ದಳು.

ನಲ್ಲಿಗೆ ಗೋಣಿ ಕಟ್ಟಿದ್ದರು. ಪಕ್ಕದಲ್ಲಿ ಸ್ಯಾನಿಟೈಸರ್ ಬಾಟಲಿ. ರಶೀದ ಹತ್ತಿರ ಬಂದ.

"ಭಾಯ್, ಒಂದ್ ಉಪಕಾರ ಮಾಡ್ರಿ. ಪಪ್ಪ ಅಡಿಗಿ ಯಾರು ಮಾಡ್ಯಾರ ಅಂತ ಕೇಳ್ತಾರ. ನಿಮ್ಮ ಹೆಸರು ಹೇಳ್ರಿ."

"ನಂದಾ? ನಂಗ ಚಾ ಸುದ್ದಾ ಬರಲ್ಲಮ್ಮಾ."

"ಒಂದಿನ ಅಷ್ಟೇರಿ. ಮತ್ತ ಮಚ್ಛೇಂದ್ರ ಅವರಿಗಿ ಹೇಳ್ರಿ, ಹೊರಗ ಬರಬ್ಯಾಡಂತ." ಅವಳು ದನಿ ತಗ್ಗಿಸಿದಳು. "ನನ್ನ ನೋಡ್ಲಿಕ್ಕ ಬೇರೆ ಕಡಿಂದ ಬರ್ಲಕತ್ತಾರ. ನಂಗ ಹೇಳ್ಲಿಕ್ಕ ಆಗ್ಲಿಲ್ಲ."

ರಶೀದ ವಸ್ತ್ರವನ್ನು ಒಂದು ಹೆಗಲಿನಿಂದ ಇನ್ನೊಂದಕ್ಕೆ ಹಾಕಿಕೊಂಡ. "ಅವ ಮುಂಜಾನಿಂದ ಹಾಡ್ಲಕತ್ತಾನಮ್ಮಾ," ಎಂದ. "ಆರು ತಿಂಗಳದಾಗ ಅವ ಹಾಡಿದ್ದು ನಾ ಕೇಳಿಲ್ಲ." ಆದರೂ ಒಳಗೆ ಹೋದ.

ಅವಳು ಟೇಬಲ್ಲಿಗೆ ಬಂದು ಕುಳಿತು ಕಿಟಕಿಯ ಕಡೆಗೆ ನೋಡಬಾರದೆಂದುಕೊಂಡಳು. ನೋಡಿದಳು. ಮಚ್ಛೇಂದ್ರ ಅಲ್ಲೇ ನಿಂತಿದ್ದ. ಹುಬ್ಬು ಏರಲಿಲ್ಲ. ಅವನು ಒಂದು ಸಲ ತಲೆ ಆಡಿಸಿದ, ಆಗಲಿ ಎನ್ನುವ ಹಾಗೆ. ಆಮೇಲೆ ಕಾಲರಿನ ಗುಂಡಿ ಬಿಚ್ಚಿ, ಒಲೆಯ ಕಡೆ ತಿರುಗಿದ.

ಸೋಮವಾರ ಸಂಜೆ ಅವನು ಭಾಲ್ಕಿ ಸ್ಟೇಷನ್ನಿನಿಂದ ಪುಣೆಯ ಕಡೆಗೆ ರೈಲು ಹತ್ತುವವನಿದ್ದ. "ನೀವ್ ಒಂದ್ ಮಾತ್ ಹೇಳಿದ್ರ ಮಳಿ ಆದ ಮ್ಯಾಲ ವಾಪಸ್ ಬರ್ತೇನಿ," ಎಂದಿದ್ದ ಹಿಂದಿನ ವಾರ, ಕೋಟೆಯ ಗೋಡೆಯ ನೆರಳಲ್ಲಿ. "ಹೇಳ್ಲಿಲ್ಲಂದ್ರ ಬರೋ ಕಾರಣ ಏನದರಿ, ಸಿಸ್ಟರ್?"

"ಸಿಸ್ಟರ್ ಅನಬ್ಯಾಡ್ರಿ ಅಂತ ಎಷ್ಟ್ ಸಲ ಹೇಳ್ಲಿ?"

"ಮತ್ತೇನಂತ ಕರೀಲಿ? ನೀವ್ ಹೇಳಾತನಕ ಬೇರೆ ಹೆಸರು ನಂಗ ಎಲ್ಲಿಂದ ಬರಬೇಕ್ರಿ?"

ಅಂದು ನಕ್ಕಿದ್ದಳು.

*

ಒಂದು ಗಂಟೆ ಹತ್ತಕ್ಕೆ ಕ್ರಿಸ್ತಪ್ಪನವರೂ ಅವರ ಮಗ ಜಯಶೀಲನೂ ಬಂದರು. ಕ್ರಿಸ್ತಪ್ಪನವರು ಮೂಲ ಬಗದಲ್‌ದವರು, ಪ್ರಭುದಾಸರ ಬೋರ್ಡಿಂಗಿನ ಗೆಳೆಯರು. ಮಗ ಹೈದರಾಬಾದಿನ ಒಂದು ಲ್ಯಾಬಿನಲ್ಲಿ ಟೆಕ್ನಿಷಿಯನ್. ತೆಳ್ಳಗಿನ, ಮಿತಮಾತಿನ ಯುವಕ. ಕೈಯಲ್ಲಿ ಎರಡು ಬಾಟಲಿ ನೀರು. ಆ ವರ್ಷ ನೆಂಟರ ಭೇಟಿಗೆ ಹೋಗುವವರು ತಮ್ಮ ನೀರನ್ನು ತಾವೇ ಕಟ್ಟಿಕೊಂಡು ಹೋಗುತ್ತಿದ್ದರು.

"ಪೋರಿ ಎಷ್ಟ್ ದೊಡ್ಡಾಕಿ ಆದಳಲ್ಲೋ ಪ್ರಭುದಾಸ!" ಕ್ರಿಸ್ತಪ್ಪನವರು ಕುರ್ಚಿ ಎಳೆದುಕೊಂಡರು. "ನೋಡೋದೇನದ? ಇದು ಬರೇ ರಿವಾಜು. ಪಾಸ್ಟರ್‌ಗ ಹೇಳೀನಿ. ನಾಳಿನ ಆರಾಧನಿಯಾಗೇ ಮದುವಿದು ಮೊದಲ ಪ್ರಕಟಣಿ ಓದಸೋಣ. ಮೂರು ಭಾನುವಾರ ಮುಗೀತಂದ್ರ ಮೇ ತಿಂಗಳದಾಗೇ ಮದುವಿ."

ನಾಳೆ. ದೊರ್ಕಾ ಲೆಕ್ಕ ಹಾಕಿದಳು. ನಾಳೆ ಹತ್ತೂವರೆಗೆ ಔರಾದದ ಚರ್ಚಿನಲ್ಲಿ ಅವಳ ಹೆಸರೂ ಈ ಹುಡುಗನ ಹೆಸರೂ ಒಟ್ಟಿಗೆ ಓದಲ್ಪಡುತ್ತವೆ. ಇನ್ನು ಇಪ್ಪತ್ತೊಂದು ತಾಸು. ಆಮೇಲೆ ಬಾಯಿ ಬಿಟ್ಟರೆ ತಂದೆಯ ಮಾನ ಇಡೀ ಸಭೆಯ ಮುಂದೆ ಹೋಗುತ್ತದೆ.

"ನಿಮಗೇನರ ಕೇಳೋದದೇನು?" ಪ್ರಭುದಾಸರು ಜಯಶೀಲನನ್ನು ಕೇಳಿದರು.

ಅವನು ದೊರ್ಕಾಳ ಕೈಗಳನ್ನು ನೋಡಿದ. ಅವು ಟೇಬಲ್ಲಿನ ಅಂಚನ್ನು ಹಿಡಿದಿದ್ದವು. "ನಿಮಗ ಆರಾಮಿಲ್ಲೇನ್ರಿ?" ಎಂದ ಮೆಲ್ಲಗೆ.

"ಆರಾಮದೇನಿ" ಎಂದಳು.

ಊಟ ಬಂತು. ರಶೀದ ಎರಡು ಪಿಜ್ಜಾ ಇಟ್ಟ. ಆಮೇಲೆ ಒಂದು ಬಿಳಿ ಬೋಗುಣಿ. ದೊರ್ಕಾ ಅದನ್ನೇ ನೋಡಿದಳು. ಪೆನ್ನೆ ಪಾಸ್ತಾ, ಕೆಂಪು ಟೊಮ್ಯಾಟೊ, ಒಣಮೆಣಸಿನಕಾಯಿ, ಬೆಳ್ಳುಳ್ಳಿ. ಅವಳು ಮೊದಲ ದಿನ ತಿಂದದ್ದು ಇದೇ. ಹಲಗೆಯ ಮೇಲೆ ಅದಕ್ಕೆ ಅಡ್ಡಗೆರೆ ಬಿದ್ದಿತ್ತು. ನೀರು ಎಲ್ಲಿಂದ ಬಂತು?

"ವಾಸನಿ ಛಲೋ ಅದ," ಪ್ರಭುದಾಸರು ಬಗ್ಗಿ ನೋಡಿದರು. "ನಮ್ಮ ಟಮಾಟಿ ಚಟ್ನಿ ಹಂಗೇ ಅದಲ್ಲ." ಆಮೇಲೆ ತಲೆ ಎತ್ತಿದರು. "ಭಾಯ್‌ಸಾಬ್, ಅಡಿಗಿ ಯಾರು ಮಾಡ್ಯಾರ? ಅವರ ಹೆಸರು ಬೇಕಾಗಿತ್ತು."

ರಶೀದ ದೊರ್ಕಾಳ ಕಡೆ ನೋಡಿದ. ಅವಳು ಕಣ್ಣು ತಗ್ಗಿಸಿದಳು.

"ನಾನೇರಿ ಸಾಬ್," ಎಂದ. "ರಶೀದ ಅಹ್ಮದ."

ಎಲ್ಲರೂ ಕಣ್ಣು ಮುಚ್ಚಿದರು. ಪ್ರಭುದಾಸರು ಎರಡೂ ಕೈ ಜೋಡಿಸಿದರು.

"ಪರಲೋಕದ ತಂದೆಯೇ, ಈ ಬರಗಾಲದಲ್ಲೂ ನಮ್ಮ ಮುಂದೆ ಆಹಾರ ಇಟ್ಟಿದ್ದಕ್ಕಾಗಿ ನಿನಗೆ ಸ್ತೋತ್ರ. ಒಲೆಯ ಮುಂದೆ ನಿಂತು ಇದನ್ನು ಬೇಯಿಸಿದ ನಿನ್ನ ಮಗ ರಶೀದ ಅಹ್ಮದನ ಕೈಗಳನ್ನು..."

ದೊರ್ಕಾ ಕಣ್ಣು ತೆರೆದಳು. ಕಿಟಕಿಯಲ್ಲಿ ಮಚ್ಛೇಂದ್ರ ತಲೆ ತಗ್ಗಿಸಿ ನಿಂತಿದ್ದ, ಬೇರೆಯವನ ಹೆಸರಿನ ಆಶೀರ್ವಾದವನ್ನು ಕೇಳಿಸಿಕೊಳ್ಳುತ್ತ. ಇಪ್ಪತ್ತೆರಡು ವರ್ಷ ತನ್ನ ಅಜ್ಜಿಯೂ ಹೀಗೇ ಒಂದು ಬಾಗಿಲಿನ ಹಿಂದೆ ನಿಂತಿರಬೇಕು ಎಂದು ಅವಳಿಗೆ ಹೊಳೆಯಿತು. ಹೆದರಿಕೆ ಹೋಗಲಿಲ್ಲ. ಇನ್ನೂ ಹೆಚ್ಚಾಯಿತು. ಆದರೆ ಬಾಯಿ ತೆರೆಯಿತು.

"ಪಪ್ಪಾ, ಹೆಸರು ತಪ್ಪೇದ."

ಪ್ರಾರ್ಥನೆ ನಿಂತಿತು. ಆ ಮನೆಯಲ್ಲಿ ಪ್ರಾರ್ಥನೆಯ ನಡುವೆ ಯಾರೂ ಎಂದೂ ಮಾತಾಡಿದ್ದಿಲ್ಲ.

"ಯಾರ ಹೆಸರು?" ಪ್ರಭುದಾಸರ ಕೈಗಳು ಇನ್ನೂ ಜೋಡಿಸಿಯೇ ಇದ್ದವು.

"ಅಡಿಗಿ ಮಾಡಿದವರದು. ರಶೀದ ಭಾಯ್‌ದು ತಪ್ಪಿಲ್ಲ, ನಾನೇ ಸುಳ್ಳು ಹೇಳಂದೆ. ಅವರ ಹೆಸರು ಮಚ್ಛೇಂದ್ರ. ಭಾತಂಬ್ರಾದವ್ರು."

"ನಿನಗ ಹ್ಯಾಂಗ ಗೊತ್ತು?"

ಗೆಳತಿಯರ ಜೊತೆ ಊಟಕ್ಕೆ ಬಂದಿದ್ದೆ ಎನ್ನಬಹುದಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ.

"ಆರು ತಿಂಗಳಾತು, ಪಪ್ಪಾ," ಎಂದಳು. "ನನ್ನ ತಾಟಿನ್ಯಾಗ ಯಾರ ಅಡಿಗಿನೇ ಇರ್ಲಿ, ನಾ ಇದೇ ಹೆಸರು ತೊಗೊತೇನಿ."

"ಹಾಸ್ಟೆಲಿನ್ಯಾಗ ಅಡಿಗಿ ಮಾಡಾಕಿ ಕೇಶರಬಾಯಿ ಅಲ್ಲೇನು?"

"ಆಕಿ ಹೆಸರೂ ತೊಗೊತೇನಿ. ಆಮ್ಯಾಲ ಇವರದು."

ಕ್ರಿಸ್ತಪ್ಪನವರ ಮುಖ ಕೆಂಪಾಯಿತು. "ಏನ್ ನಡದದ ಮಾಸ್ತರ? ನಮಗಿಲ್ಲಿ ತಮಾಷಾ ನೋಡ್ಲಿಕ್ಕ ಕರದೀ?"

ಪ್ರಭುದಾಸರು ಮಗಳ ಮುಖವನ್ನೇ ನೋಡುತ್ತಿದ್ದರು. ಗೋಡೆ ಗಡಿಯಾರದ ಸೆಕೆಂಡಿನ ಮುಳ್ಳು ಒಂದು ಸುತ್ತು ಪೂರ್ತಿ ತಿರುಗಿತು. ದೊರ್ಕಾ ಆ ಸುತ್ತನ್ನು ನೋಡಿದಳು. ಬೇರೆ ಎಲ್ಲಿ ನೋಡಲೂ ಧೈರ್ಯವಿರಲಿಲ್ಲ.

ಮೊದಲು ಮಾತಾಡಿದವನು ಜಯಶೀಲ.

"ಸರ್, ಹೆಸರು ಸರಿ ಮಾಡಿ ಮುಗಸ್ರಿ. ಊಟ ಆರ್ಲಕತ್ತದ."

ಪ್ರಭುದಾಸರು ಅವನ ಕಡೆ ತಿರುಗಿ ನೋಡಿದರು. ಆಮೇಲೆ ಕಣ್ಣು ಮುಚ್ಚಿದರು. "ತಂದೆಯೇ, ಹೆಸರು ತಪ್ಪಾಗಿತ್ತು. ಮಚ್ಛೇಂದ್ರನ ಕೈಗಳನ್ನು ಆಶೀರ್ವದಿಸು. ಆಮೆನ್."

ದನಿಯಲ್ಲಿ ಸಿಟ್ಟಿತ್ತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ.

ಪ್ರಾರ್ಥನೆಯಾದ ಊಟವನ್ನು ಬಿಟ್ಟು ಏಳುವಂತಿಲ್ಲ. ಕ್ರಿಸ್ತಪ್ಪನವರು ಒಂದೂ ಮಾತಾಡದೆ, ಸಿಟ್ಟಿನಿಂದಲೇ, ಅರ್ಧ ಪಿಜ್ಜಾ ಮತ್ತು ಎರಡು ಸಲ ಪಾಸ್ತಾ ತಿಂದರು. ಎದ್ದಾಗ "ಬಾಯಿಗೆ ಛಲೋ ಹತ್ತಿತು, ಅದೂ ಒಂದು ಸಿಟ್ಟು" ಎಂದು ಮಗನ ಜೊತೆ ಹೊರಟರು. ಬಾಗಿಲ ಹತ್ತಿರ ಜಯಶೀಲ ತಿರುಗಿ, ಸೀಲು ಒಡೆಯದ ನೀರಿನ ಬಾಟಲಿಯೊಂದನ್ನು ದೊರ್ಕಾಳ ಮುಂದೆ ಇಟ್ಟು ಹೋದ.

"ಕರೀರಿ ಅವನಿಗಿ," ಎಂದರು ಪ್ರಭುದಾಸರು.

ಮಚ್ಛೇಂದ್ರ ಬಂದು ನಿಂತ. ಬಿಚ್ಚಿದ್ದ ಗುಂಡಿಯನ್ನು ಮತ್ತೆ ಹಾಕಿಕೊಂಡಿದ್ದ. ಒಂದು ಕ್ಷಣ ಮಾತ್ರ ದೊರ್ಕಾಳ ಕಡೆ ನೋಡಿದ. ಕಣ್ಣು ಒದ್ದೆಯಾಗಿದ್ದವು, ಈರುಳ್ಳಿ ಹೆಚ್ಚುವ ಕೆಲಸ ಅಂದಿನ ಅಡಿಗೆಯಲ್ಲಿ ಇರಲಿಲ್ಲ.

"ನಾಳಿ ಇದು ಬಂದ್ ಆಗ್ತದಂತ. ಆಮ್ಯಾಲ?"

"ಪುಣೆಕ್ಕ ಹೋಗ್ತೇನ್ರಿ ಸರ್. ಹಳೇ ಕೆಲಸ ಅದ. ಮಳಿ ಆತಂದ್ರ ರಶೀದ ಭಾಯ್ ಮತ್ತ ತೆರೀತಾರ."

"ಮಳಿ ಆಗ್ಲಿಲ್ಲಂದ್ರ?"

"ಗೊತ್ತಿಲ್ಲರಿ ಸರ್."

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ವಿದ್ಯಾರ್ಥಿಗಳನ್ನು ಪ್ರಭುದಾಸರು ತೆಗಳುತ್ತಿರಲಿಲ್ಲ, ಹೊಗಳುತ್ತಲೂ ಇರಲಿಲ್ಲ. ಬೋಗುಣಿಯ ಕಡೆ ಬೆರಳು ಮಾಡಿದರು. "ಹಲಗಿ ಮ್ಯಾಲ ಇದು ಇಲ್ಲಂತ ಬರದೀರಿ. ಮತ್ತ ಹ್ಯಾಂಗ ಮಾಡ್ದಿ?"

"ಅವ್ವ ಭಾತಂಬ್ರಾದಿಂದ ಒಂದ್ ಕ್ಯಾನ್ ನೀರು ತಂದಿದ್ದಳ್ರಿ. ಬಸ್ಸಿನ್ಯಾಗ, ತೊಡಿ ಮ್ಯಾಲ ಇಟ್ಕೊಂಡು. ತಾನು ಕುಡೀಲಿಕ್ಕ ಅಂತ ತಂದಿದ್ದು. ನೀವ್ ಬರ್ತೀರಂತ ತಿಳದು, ಇದಕ್ಕ ಹಾಕು ಅಂದಳು."

ಪ್ರಭುದಾಸರು ಮೂಲೆಯ ಕಡೆ ತಿರುಗಿದರು. ಶಾಲುಬಾಯಿ ಎದ್ದು ನಿಂತಿದ್ದರು. ಹತ್ತಿರ ಬರಲಿಲ್ಲ. ಚೀಲವನ್ನು ಎದೆಗೆ ಒತ್ತಿಕೊಂಡು, "ಜೈ ಭೀಮ್‌ರಿ ಅಣ್ಣಾ," ಎಂದರು. "ನನ್ನ ಪೋರಗ ಪೂರಾ ಮಾತು ತಿಳೀಲಿಲ್ಲ. ತಪ್ಪಾಗಿದ್ರ ನಾ ನಾಕ್ ಗಂಟೆ ಬಸ್ಸಿಗಿ ಹೋಗ್ತೇನಿ."

"ನಿಮ್ಮ ಹೆಸರೇನ್ರಿ ಅಕ್ಕಾ?"

"ಶಾಲುಬಾಯಿ."

"ಕೂಡ್ರಿ. ಬಿಸಿಲಾಗ ಎಲ್ಲಿ ಹೋಗ್ತೀರಿ?" ಪ್ರಭುದಾಸರು ಬೋಗುಣಿಯಲ್ಲಿ ಉಳಿದಿದ್ದ ನಾಲ್ಕು ಚಮಚ ಪಾಸ್ತಾವನ್ನು ನೋಡಿದರು. "ಪ್ರಾರ್ಥನಿ ಪೂರ್ತಿ ಆಗಿಲ್ಲ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಮೂರನೆಯ ಸಲ ಕಣ್ಣು ಮುಚ್ಚಿದರು.

ದೊರ್ಕಾ ಮುಚ್ಚಲಿಲ್ಲ. ಟೇಬಲ್ಲಿನ ಆಚೆಯಿಂದ ಮಚ್ಛೇಂದ್ರ ಅವಳನ್ನು ನೋಡುತ್ತಿದ್ದ. ಹೆದರಿದ ಮುಖದಲ್ಲಿಯೇ ಎಡ ಹುಬ್ಬು, ಒಂದಿಷ್ಟೇ, ಮೇಲಕ್ಕೇರಿತು.

*

ಮರುದಿನ ಔರಾದದ ಚರ್ಚಿನಲ್ಲಿ ಯಾವ ಪ್ರಕಟಣೆಯನ್ನೂ ಓದಲಿಲ್ಲ. ಸೋಮವಾರ ಸಂಜೆ ಮಚ್ಛೇಂದ್ರ ರೈಲು ಹತ್ತಿದ. ಪ್ರಭುದಾಸರು ಹನ್ನೆರಡು ದಿನ ಮಗಳ ಜೊತೆ ಮಾತಾಡಲಿಲ್ಲ. ಹದಿಮೂರನೆಯ ದಿನ ಫೋನ್ ಮಾಡಿ, ಪುಣೆಯ ಹೋಟೆಲಿನ ವಿಳಾಸ ಕೇಳಿದರು.

ಸೆಪ್ಟೆಂಬರಿನಲ್ಲಿ ಮಳೆ ಬಿತ್ತು, ಕೆರೆ ತುಂಬಿದವು. ಅಕ್ಟೋಬರಿನಲ್ಲಿ ರಶೀದ ಅಹ್ಮದ ಬಾಗಿಲು ತೆರೆದು ಹಲಗೆಯ ಮೇಲಿನ ಅಡ್ಡಗೆರೆಗಳನ್ನು ಒರೆಸಿದ, ಮಚ್ಛೇಂದ್ರ ಪುಣೆಯಿಂದ ಮರಳಿ ಒಲೆಯ ಮುಂದೆ ನಿಂತ. ನವೆಂಬರ್ ಮೊದಲ ವಾರ ಬೀದರದ ಉಪನೋಂದಣಾಧಿಕಾರಿ ಕಚೇರಿಯ ಫಲಕದ ಮೇಲೆ ದೊರ್ಕಾ ಮತ್ತು ಮಚ್ಛೇಂದ್ರ ಎಂಬ ಎರಡು ಹೆಸರಿನ ಮದುವೆಯ ನೋಟಿಸು ಅಂಟಿಸಲಾಯಿತು. ಕಾನೂನಿನಂತೆ ಅದು ಮೂವತ್ತು ದಿನ ಅಲ್ಲಿತ್ತು. ಆಕ್ಷೇಪಣೆ ಒಂದೂ ಬರಲಿಲ್ಲ.